ಗೆಡ್ಡೆ ಎಷ್ಟು ದೊಡ್ಡದು, ಪಕ್ಕದಲ್ಲಿ ಏನಿದೆ: ಮೆದುಳಿನ ರೇಡಿಯೊಸರ್ಜರಿಯ ಲೆಕ್ಕಾಚಾರ

ಕಿವಿಯಿಂದ ಮೆದುಳಿಗೆ ಹೋಗುವ ನರದ ಮೇಲೆ ಬೆಳೆದ ಸಣ್ಣ ಗೆಡ್ಡೆಗೆ ರೇಡಿಯೊಸರ್ಜರಿ, ಅಂದರೆ ತಲೆಬುರುಡೆ ತೆರೆಯದೆ ಗುರಿಯಿಟ್ಟು ಕಿರಣ ಹಾಯಿಸುವ ಚಿಕಿತ್ಸೆ, ಮಾಡಿಸಿಕೊಂಡವರಿಗೆ ಆರೇಳು ತಿಂಗಳ ನಂತರದ ಎಂಆರ್‌ಐ ವರದಿ ನೋಡಿ ಎದೆ ಧಸಕ್ಕೆನ್ನುವುದುಂಟು. ಚಿಕಿತ್ಸೆಗೆ ಮುಂಚೆ 16 ಮಿಲಿಮೀಟರ್ ಇದ್ದದ್ದು ಈಗ 18 ಆಗಿದೆ. ಕರಗಲಿ ಎಂದು ಕಿರಣ ಹಾಯಿಸಿದರೆ ಅದು ದಪ್ಪಗಾಗಿ ಕೂತಿದೆ. ವೈದ್ಯರು ಮಾತ್ರ ಚಿತ್ರವನ್ನು ಪರದೆಯ ಮೇಲೆ ಹಿಗ್ಗಿಸಿ, ಗೆಡ್ಡೆಯ ನಟ್ಟನಡುವೆ ಕಪ್ಪಗೆ ಕಾಣುವ ಮಚ್ಚೆಯೊಂದನ್ನು ತೋರಿಸುತ್ತಾರೆ. ಹಳೆಯ ಚಿತ್ರದಲ್ಲಿ ಇಡೀ ಗೆಡ್ಡೆ ಬೆಳ್ಳಗೆ ಹೊಳೆಯುತ್ತಿತ್ತು, ಏಕೆಂದರೆ ಚಿತ್ರ ಸ್ಪಷ್ಟವಾಗಲೆಂದು ರಕ್ತನಾಳಕ್ಕೆ ಕೊಟ್ಟ ಗ್ಯಾಡೋಲಿನಿಯಂ ಎಂಬ ಮದ್ದು ಅದರೊಳಗೆಲ್ಲ ಹರಡುತ್ತಿತ್ತು. ಈಗ ನಡುಭಾಗಕ್ಕೆ ಅದು ಹೋಗುತ್ತಿಲ್ಲ. ಒಳಗೆ ಜೀವ ಆರುತ್ತಿದೆ, ಸುತ್ತ ಊತ ಬಂದಿದೆ. ಒಂದೆರಡು ವರ್ಷ ಕಾದರೆ ಹೆಚ್ಚಿನವರಲ್ಲಿ ಊತ ಇಳಿದು ಗೆಡ್ಡೆ ಮೊದಲಿನ ಗಾತ್ರಕ್ಕೋ ಅದಕ್ಕೂ ಚಿಕ್ಕದಕ್ಕೋ ಬರುತ್ತದೆ.

ಈ ಚಿಕಿತ್ಸೆಯ ಪ್ರಚಾರ ನಡೆಯುವುದು "ಒಂದೇ ದಿನ, ಕೊಯ್ಯುವುದಿಲ್ಲ, ನೋವಿಲ್ಲ" ಎಂಬ ಮಾತುಗಳಿಂದ. ಮೂರೂ ಹೆಚ್ಚುಕಡಿಮೆ ನಿಜವೇ. ಆದರೆ ಒಂದು ದಿನದಲ್ಲಿ ಮುಗಿಯುವುದು ಕಿರಣ ಹಾಯಿಸುವ ಕೆಲಸ ಮಾತ್ರ. ಅದಕ್ಕೆ ಮುಂಚಿನ ತೀರ್ಮಾನ ಮತ್ತು ಅದರ ನಂತರದ ಕಾಯುವಿಕೆ ಎರಡೂ ಯಂತ್ರದ ಹೊರಗೆ ನಡೆಯುತ್ತವೆ, ಎಡವಟ್ಟುಗಳೂ ಹೆಚ್ಚಾಗಿ ಅಲ್ಲೇ ಆಗುತ್ತವೆ. ರೋಗಿಯ ಕಡೆಯವರು ಬಂದವರೇ ಕೇಳುವ ಮೊದಲ ಪ್ರಶ್ನೆ "ಗಾಮಾ ನೈಫ್ ಒಳ್ಳೆಯದೋ, ಸೈಬರ್ ನೈಫೋ?" ಎಂದು, ಅಂದರೆ ಯಾವ ಯಂತ್ರ ಎಂದು. ನನ್ನ ಲೆಕ್ಕದಲ್ಲಿ ಅದು ನಾಲ್ಕನೆಯದೋ ಐದನೆಯದೋ ಆಗಬೇಕಾದ ಪ್ರಶ್ನೆ.

ಈ ಕಲ್ಪನೆ ಸ್ವೀಡನ್ನಿನ ನರಶಸ್ತ್ರಚಿಕಿತ್ಸಕ ಲಾರ್ಸ್ ಲೆಕ್ಸೆಲ್ ಅವರದು. ತಲೆಬುರುಡೆ ತೆರೆಯದೆ ಮೆದುಳಿನ ಆಳದ ಒಂದು ಬಿಂದುವನ್ನು ಕಿರಣಗಳಿಂದ ಸುಡಬಹುದೇ ಎಂದು ಯೋಚಿಸಿದ ಅವರು 1951ರಲ್ಲಿ ಅದಕ್ಕೆ ರೇಡಿಯೊಸರ್ಜರಿ ಎಂದು ಹೆಸರಿಟ್ಟರು. ಮೊದಲು ಎಕ್ಸ್‌ರೇ ಕೊಳವೆ, ಆಮೇಲೆ ಭೌತವಿಜ್ಞಾನಿ ಬೋರ್ಯೆ ಲಾರ್ಸನ್ ಜೊತೆ ಸೇರಿ ಉಪ್ಸಾಲಾದ ಸೈಕ್ಲೋಟ್ರಾನ್‌ನಿಂದ ಬಂದ ಪ್ರೋಟಾನ್ ಕಿರಣ. ಕೊನೆಗೆ 1968ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಕಿರಣ ಸೂಸುವ 179 ಕೋಬಾಲ್ಟ್-60 ತುಣುಕುಗಳನ್ನು ಕೂರಿಸಿದ ಮೊದಲ ಗಾಮಾ ನೈಫ್ ಕೆಲಸ ಶುರುಮಾಡಿತು. ಅದನ್ನು ಕಟ್ಟುವಾಗ ಲೆಕ್ಸೆಲ್ ಮನಸ್ಸಿನಲ್ಲಿ ಮುಖ್ಯವಾಗಿ ಇದ್ದದ್ದು ತಡೆಯಲಾರದ ನೋವು, ನಡುಕದಂಥ ಕಾಯಿಲೆಗಳು; ಗೆಡ್ಡೆಗಳಲ್ಲ. ಸಿಟಿ ಸ್ಕ್ಯಾನ್ ಬಂದದ್ದೇ 1970ರ ದಶಕದಲ್ಲಿ. ಎಲ್ಲಿ ಹೊಡೆಯಬೇಕೆಂದು ನೇರವಾಗಿ ಕಾಣದ ಕಾಲದಲ್ಲೇ ಗುರಿಯಿಟ್ಟು ಹೊಡೆಯುವ ಯಂತ್ರ ಸಿದ್ಧವಾಗಿತ್ತು. ಕೈ ಮೊದಲು ಬಂತು, ಕಣ್ಣು ಆಮೇಲೆ. ಎಂಆರ್‌ಐ ಬಂದ ನಂತರವೇ ಈ ಚಿಕಿತ್ಸೆ ಜಗತ್ತಿನಾದ್ಯಂತ ಹರಡಿತು.

ತತ್ವ ಸರಳ. ಹನಿಗೂಡಿ ಹಳ್ಳ ಎನ್ನುತ್ತೇವಲ್ಲ, ಅದೇ. ಈಚಿನ ಗಾಮಾ ನೈಫ್ ಮಾದರಿಗಳಲ್ಲಿ 192 ಕೋಬಾಲ್ಟ್ ತುಣುಕುಗಳಿವೆ. ಒಂದೊಂದರಿಂದ ಹೊರಡುವ ಕಿರಣವೂ ಸಪೂರ, ದುರ್ಬಲ. ದಾರಿಯಲ್ಲಿ ಸಿಗುವ ಮೆದುಳಿಗೆ ಅದರಿಂದ ದೊಡ್ಡ ಪೆಟ್ಟಿಲ್ಲ. ಬೇರೆ ಬೇರೆ ದಿಕ್ಕುಗಳಿಂದ ಬಂದ ಇವೆಲ್ಲ ಒಂದೇ ಬಿಂದುವಿನಲ್ಲಿ ಕೂಡಿದಾಗ ಅಲ್ಲಿ ಮಾತ್ರ ಅಂಗಾಂಶವನ್ನು ಕೊಲ್ಲುವಷ್ಟು ಶಕ್ತಿ. ಆ ಬಿಂದುವಿನಿಂದ ಕೆಲವೇ ಮಿಲಿಮೀಟರ್ ಆಚೆಗೆ ಡೋಸ್ ಅರ್ಧಕ್ಕೆ ಇಳಿಯುತ್ತದೆ. ಇಡೀ ವಿದ್ಯೆ ನಿಂತಿರುವುದು ಈ ಕಡಿದಾದ ಇಳಿಜಾರಿನ ಮೇಲೆ.

ಗೆಡ್ಡೆ ದೊಡ್ಡದಾದಂತೆ ಇಳಿಜಾರಿನ ಕಡಿದುತನ ಕಡಿಮೆಯಾಗುತ್ತದೆ, ಮೊದಲ ತೊಡಕು ಇಲ್ಲಿದೆ. ಸ್ವಲ್ಪ ಗಣಿತ ಹಾಕಿ ನೋಡೋಣ. 1 ಸೆಂಟಿಮೀಟರ್ ಅಡ್ಡಳತೆಯ ಗುಂಡನೆಯ ಗೆಡ್ಡೆಯ ಗಾತ್ರ ಅರ್ಧ ಮಿಲಿಲೀಟರ್. 2 ಸೆಂಟಿಮೀಟರ್ ಆದರೆ 4 ಮಿಲಿಲೀಟರ್‌ಗಿಂತ ತುಸು ಹೆಚ್ಚು. 3 ಸೆಂಟಿಮೀಟರ್‌ಗೆ 14, 4 ಸೆಂಟಿಮೀಟರ್‌ಗೆ 33 ದಾಟುತ್ತದೆ. ಅಡ್ಡಳತೆ ಎರಡರಷ್ಟಾದರೆ ಗಾತ್ರ ಎಂಟರಷ್ಟು. ವರದಿಯಲ್ಲಿ "ಬರೀ ಒಂದು ಸೆಂಟಿಮೀಟರ್ ಜಾಸ್ತಿ" ಎಂದು ಓದಿ ಸಮಾಧಾನಪಟ್ಟುಕೊಳ್ಳುವವರಿಗೆ ಈ ಲೆಕ್ಕ ಗೊತ್ತಿರುವುದಿಲ್ಲ. ಗೆಡ್ಡೆಯ ಸುತ್ತ ಅನಿವಾರ್ಯವಾಗಿ ಕಿರಣ ತಿನ್ನುವ ಒಳ್ಳೆಯ ಮೆದುಳಿನ ಸಿಪ್ಪೆಯೂ ಅದರ ಜೊತೆಗೇ ದೊಡ್ಡದಾಗುತ್ತದೆ.

ಅದಕ್ಕೇ ದೊಡ್ಡ ಗೆಡ್ಡೆಗೆ ಕಡಿಮೆ ಡೋಸ್ ಎಂಬ ಉಲ್ಟಾ ನಿಯಮ ಇಲ್ಲಿ ನಡೆಯುತ್ತದೆ. ಮೊದಲೇ ಒಮ್ಮೆ ರೇಡಿಯೇಷನ್ ಪಡೆದು ಮತ್ತೆ ಗೆಡ್ಡೆ ಕಾಣಿಸಿಕೊಂಡವರ ಮೇಲೆ 1990ರ ದಶಕದಲ್ಲಿ ಅಮೆರಿಕದಲ್ಲಿ ನಡೆದ ಒಂದು ಪ್ರಯೋಗದ ಅಂಕಿಗಳು ಇಂದಿಗೂ ವೈದ್ಯರ ಬಾಯಲ್ಲಿವೆ: 2 ಸೆಂಟಿಮೀಟರ್‌ವರೆಗೆ 24 ಗ್ರೇ, 3ರವರೆಗೆ 18, 4ರವರೆಗೆ 15. ಒಂದು ಕಿಲೋ ಅಂಗಾಂಶಕ್ಕೆ ಒಂದು ಜೂಲ್ ಶಕ್ತಿ ಸೇರಿದರೆ ಅದು ಒಂದು ಗ್ರೇ. ಹೆಚ್ಚು ಬೇಕಾದಲ್ಲಿ ಕಡಿಮೆ ಕೊಡಬೇಕಾದ ಈ ಇಕ್ಕಟ್ಟಿನಿಂದ ಹೊರಬರಲು ಈಗ ದೊಡ್ಡ ಗೆಡ್ಡೆಗಳಿಗೆ ಒಂದೇ ಏಟಿನ ಬದಲು ಮೂರು ಅಥವಾ ಐದು ದಿನ ಹಂಚಿ ಕೊಡುವ ರೂಢಿ ಬಂದಿದೆ. ಒಳ್ಳೆಯ ಜೀವಕೋಶಗಳಿಗೆ ನಡುವೆ ಒಂದಿಷ್ಟು ರಿಪೇರಿ ಮಾಡಿಕೊಳ್ಳಲು ಬಿಡುವು ಸಿಗುತ್ತದೆ.

ಎರಡನೆಯದು ನೆರೆಹೊರೆ. ಕಣ್ಣಿನ ನರಗಳು ಒಂದಕ್ಕೊಂದು ಅಡ್ಡಹಾಯುವ ಜಾಗ ಒಂದೇ ಸಲಕ್ಕೆ ಸುಮಾರು 8ರಿಂದ 10 ಗ್ರೇ ತಡೆದೀತು, ಅದರಾಚೆ ದೃಷ್ಟಿಗೆ ಅಪಾಯ. ಮೆದುಳಿನ ಪೊರೆಯಲ್ಲಿ ಹುಟ್ಟುವ ಗೆಡ್ಡೆಯಾದ ಮೆನಿಂಜಿಯೋಮಾಗೆ ಬೇಕಾದದ್ದು 12ರಿಂದ 16 ಗ್ರೇ. ಒಂದೂವರೆ ಸೆಂಟಿಮೀಟರಿನ ಪುಟ್ಟ ಮೆನಿಂಜಿಯೋಮಾ ಕಣ್ಣಿನ ನರಕ್ಕೆ ಅಂಟಿಕೊಂಡಿದ್ದರೆ ಅದು ಚಿಕ್ಕದೆಂಬುದು ಏನೂ ಉಪಯೋಗಕ್ಕೆ ಬರುವುದಿಲ್ಲ. ಹಣೆಯ ಹಿಂದೆ, ಯಾರ ತಂಟೆಗೂ ಹೋಗದೆ ಕೂತ ಎರಡೂವರೆ ಸೆಂಟಿಮೀಟರಿನದೇ ಅದಕ್ಕಿಂತ ಸುಲಭ. ಅಂಟಿಕೊಂಡ ಗೆಡ್ಡೆಗೆ ಒಂದೋ ಶಸ್ತ್ರಚಿಕಿತ್ಸೆ, ಇಲ್ಲವೇ ಐದಾರು ವಾರ ದಿನಕ್ಕಿಷ್ಟೆಂದು ಕೊಡುವ ಹಳೆಯ ಬಗೆಯ ರೇಡಿಯೇಷನ್. "ನಮಗೇಕೆ ಒಂದೇ ದಿನದ್ದು ಕೊಡುವುದಿಲ್ಲ?" ಎಂದು ಬೇಸರಪಟ್ಟುಕೊಳ್ಳುವವರು ಇಲ್ಲಿ ಕಣ್ಣು ಉಳಿಸುವ ಲೆಕ್ಕ ನಡೆದಿದೆ ಎಂಬುದನ್ನು ಗಮನಿಸಬೇಕು.

ಆ ಒಂದು ದಿನ ಹೇಗಿರುತ್ತದೆ? ಲೋಹದ ಚೌಕಟ್ಟು ಹಾಕುವ ಪದ್ಧತಿಯಲ್ಲಿ ಬೆಳಿಗ್ಗೆಯೇ ಹಣೆಯಲ್ಲಿ ಎರಡು, ತಲೆಯ ಹಿಂದೆ ಎರಡು ಕಡೆ ಮರಗಟ್ಟಿಸುವ ಚುಚ್ಚುಮದ್ದು. ಇಡೀ ದಿನದಲ್ಲಿ ಉರಿಯುವುದು ಅದೊಂದೇ ಎಂದು ಅನೇಕರು ಹೇಳುತ್ತಾರೆ. ಆಮೇಲೆ ನಾಲ್ಕು ತಿರುಪುಗಳನ್ನು ಎದುರುಬದುರಾಗಿ ಬಿಗಿಯುತ್ತಾರೆ. ನೋವಿಲ್ಲ, ಆದರೆ ತಲೆಯನ್ನು ಯಾರೋ ಇಕ್ಕಳದಲ್ಲಿ ಹಿಡಿದಂಥ ಒತ್ತಡ ಕೆಲವು ನಿಮಿಷ ಇರುತ್ತದೆ. ಚೌಕಟ್ಟಿನ ಮೇಲೊಂದು ಪೆಟ್ಟಿಗೆ ಸಿಕ್ಕಿಸಿ ಎಂಆರ್‌ಐ. ಪೆಟ್ಟಿಗೆಯ ಗೆರೆಗಳು ಚಿತ್ರದಲ್ಲಿ ಚುಕ್ಕಿಗಳಾಗಿ ಮೂಡಿ, ಮೆದುಳಿನ ಪ್ರತಿಯೊಂದು ಬಿಂದುವಿಗೂ ವಿಳಾಸ ಕೊಡುತ್ತವೆ. ಆಮೇಲೆ ಒಂದೆರಡು ಗಂಟೆ ಬರೀ ಕಾಯುವುದು. ಪಕ್ಕದ ಕೋಣೆಯಲ್ಲಿ ನರಶಸ್ತ್ರಚಿಕಿತ್ಸಕರು, ರೇಡಿಯೇಷನ್ ತಜ್ಞರು, ಭೌತವಿಜ್ಞಾನಿ ಕೂತು ಗೆಡ್ಡೆಯ ಅಂಚನ್ನು ಪದರಪದರವಾಗಿ ಗೀಚುತ್ತಾರೆ. ದಿನದ ನಿಜವಾದ ಕೆಲಸ ಅದೇ. ಯಂತ್ರದೊಳಗೆ ಮಲಗಿದಾಗ ಏನೂ ಕಾಣುವುದಿಲ್ಲ, ಸುಡುವುದಿಲ್ಲ. ಸಂಜೆ ಚೌಕಟ್ಟು ಬಿಚ್ಚಿದಾಗ ಹಣೆಯ ಮೇಲೆ ಎರಡು ಚುಕ್ಕಿಗಾಯ.

ಚೌಕಟ್ಟಿನ ಬದಲು ಮುಖವಾಡವೂ ಇದೆ. ಬಿಸಿನೀರಿನಲ್ಲಿ ಮೆತ್ತಗಾದ ಪ್ಲಾಸ್ಟಿಕ್ ಜಾಳಿಗೆಯನ್ನು ಮುಖದ ಮೇಲೆ ಎಳೆದರೆ ಆರುತ್ತಾ ಮುಖದ ಅಚ್ಚಿಗೇ ಗಟ್ಟಿಯಾಗುತ್ತದೆ. ಕೆಲವು ಯಂತ್ರಗಳಲ್ಲಿ ಮೂಗಿನ ತುದಿಗೊಂದು ಗುರುತು ಅಂಟಿಸಿ, ಅದರ ಅಲುಗಾಟವನ್ನು ಕ್ಯಾಮೆರಾ ನೋಡುತ್ತಿರುತ್ತದೆ. ಮಿತಿ ಮೀರಿದರೆ ಕಿರಣ ತಾನಾಗಿ ನಿಲ್ಲುತ್ತದೆ. ಹಲವು ದಿನ ಹಂಚಿ ಕೊಡುವವರಿಗೆ ಇದೇ ಅನುಕೂಲ.

ಈಗ ಆ ನಾಲ್ಕನೆಯ ಪ್ರಶ್ನೆಗೆ ಬರೋಣ. ಗಾಮಾ ನೈಫ್‌ನದು ಕೋಬಾಲ್ಟ್. ಸಾಮಾನ್ಯ ರೇಡಿಯೇಷನ್‌ಗೆ ಬಳಸುವ ಲಿನಿಯರ್ ಆಕ್ಸಲರೇಟರ್ ಯಂತ್ರವನ್ನೇ 1980ರ ದಶಕದಿಂದ ಈ ಕೆಲಸಕ್ಕೂ ಪಳಗಿಸಿದ್ದಾರೆ. ಸ್ಟಾಕ್‌ಹೋಮ್‌ನಲ್ಲಿ ಲೆಕ್ಸೆಲ್ ಬಳಿ ಕಲಿತು ಬಂದ ಜಾನ್ ಆಡ್ಲರ್ ಅಂಥದೇ ಚಿಕ್ಕ ಯಂತ್ರವೊಂದನ್ನು ರೋಬಾಟ್ ತೋಳಿಗೆ ಕಟ್ಟಿ ಸ್ಟ್ಯಾನ್‌ಫರ್ಡ್‌ನಲ್ಲಿ ರೂಪಿಸಿದ್ದು ಸೈಬರ್ ನೈಫ್. ಪ್ರೋಟಾನ್ ಕಿರಣ ನಿರ್ದಿಷ್ಟ ಆಳದಲ್ಲಿ ತನ್ನ ಶಕ್ತಿಯನ್ನೆಲ್ಲ ಸುರಿದು ಅಲ್ಲೇ ನಿಲ್ಲುತ್ತದೆ, ಆದರೆ ಯಂತ್ರ ಬಲು ದುಬಾರಿ, ಸಣ್ಣ ಗುಂಡನೆಯ ಗುರಿಗಳಲ್ಲಿ ಅದರ ಲಾಭ ಅಷ್ಟೇನೂ ಎದ್ದು ಕಾಣುವುದಿಲ್ಲ. ಮೊದಲ ಮೂರರಲ್ಲೂ ನಿಖರತೆ ಈಗ ಮಿಲಿಮೀಟರಿನ ಆಸುಪಾಸಿನದು. ಮೆದುಳಿನ ಸಾಮಾನ್ಯ ಗುರಿಗಳಲ್ಲಿ ಬ್ರ್ಯಾಂಡಿಗಿಂತ ಆ ಕೇಂದ್ರ ಎಷ್ಟು ರೋಗಿಗಳನ್ನು ನೋಡಿದೆ ಎಂಬುದೇ ಹೆಚ್ಚು ತೂಕದ್ದು ಎಂಬುದು ನನ್ನ ಅಭಿಪ್ರಾಯ.

ಇದಕ್ಕೆ ಕಹಿಯಾದ ಪುರಾವೆ ಉಂಟು. ಫ್ರಾನ್ಸಿನ ಟುಲೂಸ್‌ನಲ್ಲಿ 2006ರ ಏಪ್ರಿಲ್‌ನಿಂದ 2007ರ ಏಪ್ರಿಲ್‌ವರೆಗೆ ರೇಡಿಯೊಸರ್ಜರಿ ಪಡೆದ 145 ಮಂದಿಗೆ ಲೆಕ್ಕ ತಪ್ಪಿದ ಡೋಸ್ ಹೋಯಿತು. ಯಂತ್ರ ಕೆಟ್ಟಿರಲಿಲ್ಲ, ಗುರಿಯೂ ತಪ್ಪಿರಲಿಲ್ಲ. ಸಪೂರ ಕಿರಣವನ್ನು ಅಳೆಯಲು ಅದಕ್ಕಿಂತ ಅಗಲವಾದ ಅಳತೆ ಸಾಧನ ಬಳಸಿದ್ದರು. ಕಿರಣ ಬೀಳುವುದು ಸಾಧನದ ಒಂದು ಭಾಗದ ಮೇಲೆ, ಅದು ತೋರಿಸುವುದು ಪೂರ್ತಿ ಅಗಲದ ಸರಾಸರಿ. ಹಾಗಾಗಿ ಕಿರಣ ಇದ್ದದ್ದಕ್ಕಿಂತ ದುರ್ಬಲವಾಗಿ ಕಂಡಿತು, ಅದನ್ನು ಸರಿದೂಗಿಸಲು ಹೋಗಿ ನಿಜವಾದ ಡೋಸ್ ಏರಿತು. ಅಮೆರಿಕದ ಮಿಸೌರಿಯ ಆಸ್ಪತ್ರೆಯೊಂದರಲ್ಲೂ ಇದೇ ಬಗೆಯ ತಪ್ಪು ವರ್ಷಗಟ್ಟಲೆ ಗಮನಕ್ಕೆ ಬರದೆ ನಡೆದು, 76 ಮಂದಿಗೆ ಸುಮಾರು ಒಂದೂವರೆ ಪಟ್ಟು ಡೋಸ್ ಹೋಗಿತ್ತು. ಒಳ್ಳೆಯ ಕೇಂದ್ರಗಳಲ್ಲಿ ಇಂದು ರೋಗಿ ಬರುವ ಮುಂಚೆ ಪುಟ್ಟ ಲೋಹದ ಗುಂಡೊಂದನ್ನು ಯಂತ್ರದ ಕೇಂದ್ರಬಿಂದುವಿನಲ್ಲಿಟ್ಟು ಬೇರೆ ಬೇರೆ ಕೋನಗಳಿಂದ ಚಿತ್ರ ತೆಗೆದು, ನೆರಳು ನಡುವಿಗೇ ಬೀಳುತ್ತಿದೆಯೇ ಎಂದು ನೋಡುತ್ತಾರೆ. ಬೆಳಿಗ್ಗೆ ಈ ಗುಂಡು ಇಡುವ ಭೌತವಿಜ್ಞಾನಿಯ ಮುಖ ರೋಗಿಗೆ ಕಾಣುವುದೇ ಇಲ್ಲ.

ಸದ್ಯ ಅತಿ ಹೆಚ್ಚು ಚರ್ಚೆ ನಡೆಯುತ್ತಿರುವುದು ಬೇರೆ ಕಡೆಯ ಕ್ಯಾನ್ಸರ್ ಮೆದುಳಿಗೆ ಹರಡಿದಾಗ ಏನು ಮಾಡಬೇಕೆಂಬುದರ ಸುತ್ತ. ಶ್ವಾಸಕೋಶ, ಸ್ತನ, ಚರ್ಮದ ಮೆಲನೋಮಾ ಮುಂತಾದವು ಹೀಗೆ ಹರಡುತ್ತವೆ. ದಶಕಗಳ ಕಾಲ ಇದಕ್ಕೆ ಇದ್ದ ಉತ್ತರ ಇಡೀ ಮೆದುಳಿಗೆ ರೇಡಿಯೇಷನ್, ಸಾಮಾನ್ಯವಾಗಿ 10 ದಿನದಲ್ಲಿ 30 ಗ್ರೇ. ಗದ್ದೆಯಲ್ಲಿ ಮೂರು ಕಳೆ ಕಂಡರೆ ಇಡೀ ಗದ್ದೆಗೆ ಮದ್ದು ಹೊಡೆದ ಹಾಗೆ. ಕಾಣದ ಬೀಜಗಳೂ ಸಾಯುತ್ತವೆ ಎಂಬುದು ಅದರ ತರ್ಕ, ತರ್ಕ ಸುಳ್ಳೂ ಅಲ್ಲ.

ಬೆಲೆ ಏನೆಂದು 2009ರಲ್ಲಿ ಪ್ರಕಟವಾದ ಒಂದು ಸಣ್ಣ ಪ್ರಯೋಗ ತೋರಿಸಿತು. ಒಂದರಿಂದ ಮೂರು ಗೆಡ್ಡೆ ಇದ್ದ 58 ಮಂದಿಯಲ್ಲಿ ಅರ್ಧ ಜನರಿಗೆ ರೇಡಿಯೊಸರ್ಜರಿ ಮಾತ್ರ, ಉಳಿದವರಿಗೆ ಅದರ ಜೊತೆ ಇಡೀ ಮೆದುಳಿಗೂ ರೇಡಿಯೇಷನ್. ಪದಗಳ ಪಟ್ಟಿ ಓದಿ ಹೇಳಿ, ಎಷ್ಟು ನೆನಪಿದೆ ಎಂದು ಕೇಳುವ ಪರೀಕ್ಷೆ. ನಾಲ್ಕು ತಿಂಗಳಿಗೆ ನೆನಪು ಕುಸಿಯುವ ಸಂಭವ ಮೊದಲ ಗುಂಪಿನಲ್ಲಿ ಶೇ 24, ಎರಡನೆಯದರಲ್ಲಿ ಶೇ 52. ವ್ಯತ್ಯಾಸ ಅಷ್ಟು ಸ್ಪಷ್ಟವಾಗಿದ್ದರಿಂದ ಪ್ರಯೋಗವನ್ನು ಅರ್ಧಕ್ಕೇ ನಿಲ್ಲಿಸಿದರು. 2016ರಲ್ಲಿ 213 ಮಂದಿಯ ಇನ್ನೊಂದು ಪ್ರಯೋಗವೂ ಅದೇ ಮಾತು ಹೇಳಿತು: ಮೂರು ತಿಂಗಳಲ್ಲಿ ಬುದ್ಧಿಶಕ್ತಿ ಕುಗ್ಗಿದವರು ರೇಡಿಯೊಸರ್ಜರಿ ಮಾತ್ರ ಪಡೆದವರಲ್ಲಿ ಶೇ 63.5, ಎರಡೂ ಪಡೆದವರಲ್ಲಿ ಶೇ 91.7. ಆಯುಷ್ಯದಲ್ಲಿ ಗಣನೀಯ ವ್ಯತ್ಯಾಸ ಇರಲಿಲ್ಲ.

ಆದರೆ ಅದೇ ಪ್ರಯೋಗದ ಇನ್ನೊಂದು ಅಂಕಿಯನ್ನು ಪ್ರಚಾರದವರು ಹೇಳುವುದಿಲ್ಲ. ವರ್ಷದ ಹೊತ್ತಿಗೆ ಮೆದುಳಿನಲ್ಲಿ ರೋಗ ಹತೋಟಿಯಲ್ಲಿದ್ದವರು ಎರಡೂ ಪಡೆದವರಲ್ಲಿ ಶೇ 85ರಷ್ಟು, ರೇಡಿಯೊಸರ್ಜರಿ ಮಾತ್ರ ಪಡೆದವರಲ್ಲಿ ಶೇ 50ರಷ್ಟು. ಅಂದರೆ ಕಂಡ ಕಳೆ ಕಿತ್ತು ಗದ್ದೆಯನ್ನು ಉಳಿಸಿಕೊಂಡವರು ಮತ್ತೆ ಮತ್ತೆ ಗದ್ದೆ ನೋಡಲು ಹೋಗಬೇಕು. ಎರಡು ಮೂರು ತಿಂಗಳಿಗೊಮ್ಮೆ ಸ್ಕ್ಯಾನ್ ಮಾಡಿಸಿ, ಹೊಸದು ಕಂಡರೆ ಅದಕ್ಕೆ ಮತ್ತೆ ಕಿರಣ ಕೊಡುವ ಏರ್ಪಾಡು ಇದ್ದರೆ ಮಾತ್ರ ಈ ದಾರಿ ಸರಿ. ಸ್ಕ್ಯಾನ್‌ಗೆ ಬರಲಾಗದ ರೋಗಿಗೆ ರೇಡಿಯೊಸರ್ಜರಿ ಮಾಡಿ ಕಳಿಸಿಬಿಡುವುದನ್ನು ಅರ್ಧ ಚಿಕಿತ್ಸೆ ಎಂದೇ ಕರೆಯಬೇಕು.

ಎಷ್ಟು ಗೆಡ್ಡೆಗಳವರೆಗೆ? ಹಿಂದೆ ಮೂರು, ಆಮೇಲೆ ನಾಲ್ಕು ಎನ್ನುತ್ತಿದ್ದರು. ಜಪಾನಿನಲ್ಲಿ 1194 ರೋಗಿಗಳನ್ನು ಅನುಸರಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 5ರಿಂದ 10 ಗೆಡ್ಡೆ ಇದ್ದವರು ಬದುಕಿದ ಅವಧಿ 2ರಿಂದ 4 ಗೆಡ್ಡೆ ಇದ್ದವರದಕ್ಕಿಂತ ಕಡಿಮೆಯೇನೂ ಇರಲಿಲ್ಲ. ಎರಡೂ ಗುಂಪಿನಲ್ಲಿ ನಡುಮಟ್ಟ 10.8 ತಿಂಗಳು. ಇದನ್ನು "ಹತ್ತಾದರೂ ಪರವಾಗಿಲ್ಲ" ಎಂದು ಓದಿಕೊಂಡವರು ಬಹಳ. ಆದರೆ ಆ ಅಧ್ಯಯನಕ್ಕೆ ಸೇರಲು ಎಲ್ಲ ಗೆಡ್ಡೆಗಳ ಒಟ್ಟು ಗಾತ್ರ 15 ಮಿಲಿಲೀಟರ್ ಮೀರಬಾರದಿತ್ತು. ಮೂರು ಸೆಂಟಿಮೀಟರಿನ ಒಂದೇ ಗೆಡ್ಡೆ 14 ತಿನ್ನುತ್ತದೆ ಎಂಬ ಲೆಕ್ಕವನ್ನು ಮೇಲೆ ಹಾಕಿದ್ದೆವು. ಎಣಿಕೆಗಿಂತ ಒಟ್ಟು ಗಾತ್ರ ಮತ್ತು ಹೊಸವು ಹುಟ್ಟುವ ವೇಗ ಮುಖ್ಯ. ಮೆದುಳಿನ ಪೊರೆಯುದ್ದಕ್ಕೂ ರೋಗ ಹಬ್ಬಿದ್ದರೆ ಇಂದಿಗೂ ಗುರಿಯಿಟ್ಟ ಕಿರಣಕ್ಕೆ ಅಲ್ಲಿ ಗುರಿಯೇ ಇಲ್ಲ. ಇಡೀ ಮೆದುಳಿಗೇ ಕೊಡಬೇಕಾಗಿ ಬಂದರೂ ನೆನಪಿನ ಕೇಂದ್ರವಾದ ಹಿಪ್ಪೊಕ್ಯಾಂಪಸ್ ಭಾಗವನ್ನು ತಪ್ಪಿಸಿ ಕೊಡುವ ವಿಧಾನ ಈಗ ಇದೆ.

ಮೆದುಳಿನಲ್ಲೇ ಹುಟ್ಟುವ ಉಗ್ರ ಕ್ಯಾನ್ಸರ್ ಆದ ಗ್ಲಿಯೋಬ್ಲಾಸ್ಟೋಮಾದ ವಿಷಯ ಬೇಗ ಮುಗಿಯುತ್ತದೆ. ಅದರ ಬೇರುಗಳು ಚಿತ್ರದಲ್ಲಿ ಕಾಣುವ ಅಂಚಿನಾಚೆಗೂ ಮೆದುಳಿನೊಳಗೆ ಹರಿದಿರುತ್ತವೆ. ಮಾಮೂಲಿ ಚಿಕಿತ್ಸೆಗೆ ರೇಡಿಯೊಸರ್ಜರಿಯನ್ನೂ ಸೇರಿಸಿ ನೋಡಿದ ಪ್ರಯೋಗದಲ್ಲಿ ಆಯುಷ್ಯ ಹೆಚ್ಚಲಿಲ್ಲ. ಅಂಚಿಲ್ಲದ ರೋಗಕ್ಕೆ ಅಂಚು ಕಡಿಯುವ ಆಯುಧ ಒಗ್ಗುವುದಿಲ್ಲ.

ಕ್ಯಾನ್ಸರ್ ಅಲ್ಲದ ಗುರಿಗಳಲ್ಲಿ ಹೆಚ್ಚು ತಲೆ ಕೆಡಿಸುವುದು ಎವಿಎಂ, ಅಂದರೆ ಅಪಧಮನಿ ನೇರವಾಗಿ ಅಭಿಧಮನಿಗೆ ಸುರಿಯುವ ರಕ್ತನಾಳಗಳ ಸಿಕ್ಕು. ಕಿರಣ ಬಿದ್ದ ನಾಳಗಳ ಗೋಡೆ ಒಳಗಿನಿಂದ ದಪ್ಪಗಾಗುತ್ತಾ ಬಂದು ಮುಚ್ಚಿಹೋಗಲು ಎರಡು ಮೂರು ವರ್ಷ ಬೇಕು. ಪೂರ್ತಿ ಮುಚ್ಚುವವರೆಗೆ ಒಡೆದು ರಕ್ತಸ್ರಾವ ಆಗುವ ಅಪಾಯ ಹಾಗೇ ಉಳಿದಿರುತ್ತದೆ. ಒಡೆಯದ ಎವಿಎಂ ಇದ್ದವರ ಮೇಲೆ ನಡೆದ ಅರುಬಾ ಎಂಬ ಪ್ರಯೋಗ 2014ರಲ್ಲಿ ಹೊರಬಂದಾಗ ದೊಡ್ಡ ಜಗಳವೇ ಆಯಿತು: ಔಷಧಿಯಲ್ಲಷ್ಟೇ ಇಟ್ಟವರಲ್ಲಿ ಪಾರ್ಶ್ವವಾಯು ಅಥವಾ ಸಾವು ಶೇ 10.1, ಏನಾದರೊಂದು ಚಿಕಿತ್ಸೆ ಮಾಡಿದವರಲ್ಲಿ ಶೇ 30.7. ಸರಾಸರಿ ಗಮನಿಸಿದ್ದು 33 ತಿಂಗಳು ಮಾತ್ರ, ಅಂದರೆ ಕಿರಣ ಪಡೆದವರ ನಾಳಗಳು ಮುಚ್ಚುವ ಅವಧಿ ಮುಗಿಯುವ ಹೊತ್ತಿಗೆ. ನಲವತ್ತು ವರ್ಷ ಬದುಕಬೇಕಾದವರ ಅಪಾಯವನ್ನು ಅದರಿಂದ ಅಳೆಯಬಹುದೇ ಎಂಬುದು ಟೀಕಾಕಾರರ ಪ್ರಶ್ನೆ. ಟೀಕೆಯಲ್ಲಿ ಹುರುಳಿದೆ. ಹಾಗೆಂದು ಒಡೆಯದ್ದನ್ನೆಲ್ಲ ಕಂಡ ಕೂಡಲೇ ಕಿರಣಕ್ಕೆ ಕಳಿಸುವ ಆತುರಕ್ಕೆ ಆ ಪ್ರಯೋಗ ಹಾಕಿದ ಕಡಿವಾಣ ಒಳ್ಳೆಯದೇ ಆಯಿತು ಎನ್ನಿಸುತ್ತದೆ.

ಮೂರನೆಯ ತೊಡಕು ಕಾಯುವುದು, ಅದರಲ್ಲೂ ಕಾಯುತ್ತಾ ನೋಡಿದ್ದನ್ನು ಅರ್ಥಮಾಡಿಕೊಳ್ಳುವುದು. ಕಿರಣ ಬಿದ್ದ ಜಾಗದಲ್ಲಿ ಆರು ತಿಂಗಳಿಂದ ಒಂದೆರಡು ವರ್ಷದೊಳಗೆ ಕೆಲವರಿಗೆ ಅಂಗಾಂಶ ಸತ್ತು ಸುತ್ತ ನೀರು ತುಂಬುತ್ತದೆ. ಇದನ್ನು ರೇಡಿಯೇಷನ್ ನೆಕ್ರೋಸಿಸ್ ಎನ್ನುತ್ತಾರೆ. 12 ಗ್ರೇಗಿಂತ ಹೆಚ್ಚು ಪಡೆದ ಮೆದುಳಿನ ಭಾಗ 5ರಿಂದ 10 ಮಿಲಿಲೀಟರ್ ದಾಟಿದಂತೆ ಇದರ ಭಯ ಏರುತ್ತದೆ. ಮತ್ತೆ ಅದೇ ಗಾತ್ರದ ಲೆಕ್ಕ. ಮಾಮೂಲಿ ಎಂಆರ್‌ಐನಲ್ಲಿ ಇದು ಮರಳಿ ಬಂದ ಗೆಡ್ಡೆಯಂತೆಯೇ ಬೆಳ್ಳಗೆ ಹೊಳೆಯುತ್ತದೆ. ಒಂದಕ್ಕೆ ಸ್ಟಿರಾಯ್ಡ್ ಅಥವಾ ಬೆವಾಸಿಜುಮ್ಯಾಬ್ ಔಷಧ, ಇನ್ನೊಂದಕ್ಕೆ ಹೊಸದಾಗಿ ಗೆಡ್ಡೆಯ ಚಿಕಿತ್ಸೆ. ನೆಕ್ರೋಸಿಸ್ ಆಗಿರುವಲ್ಲಿಗೇ ಗೆಡ್ಡೆ ಎಂದುಕೊಂಡು ಮತ್ತೆ ಕಿರಣ ಕೊಟ್ಟರೆ ಬೆಂದ ಗಾಯಕ್ಕೆ ಬರೆ ಎಳೆದಂತೆ. ರಕ್ತದ ಹರಿವು ಅಳೆಯುವ ಎಂಆರ್‌ಐ, ಅಮೈನೊ ಆಮ್ಲ ಬಳಸುವ ಪೆಟ್ ಸ್ಕ್ಯಾನ್ ಸುಳಿವು ಕೊಡುತ್ತವೆ. ಕೆಲವೊಮ್ಮೆ ಬುರುಡೆ ತೆರೆದು ಚೂರು ತೆಗೆದು ನೋಡದೆ ಖಚಿತವಾಗುವುದಿಲ್ಲ, ಚೂರಿನಲ್ಲಿ ಎರಡೂ ಬೆರೆತು ಸಿಗುವುದೂ ಉಂಟು.

ಸ್ಕ್ಯಾನ್ ಓದುವ ರೇಡಿಯಾಲಜಿಸ್ಟ್‌ಗೆ ಎಷ್ಟೋ ಸಲ ರೋಗಿಗೆ ಯಾವಾಗ, ಎಲ್ಲಿಗೆ, ಎಷ್ಟು ಡೋಸ್ ಹೋಗಿದೆ ಎಂಬುದೇ ತಿಳಿದಿರುವುದಿಲ್ಲ. ಬೇರೆ ಕಡೆ ಮಾಡಿಸಿದ ಚಿಕಿತ್ಸೆ, ಕೈಯಲ್ಲಿ ಇವತ್ತಿನ ಚಿತ್ರ ಮಾತ್ರ. ಹಾಗಿದ್ದಾಗ 16 ಮಿಲಿಮೀಟರ್ 18 ಆದದ್ದು "ಬೆಳವಣಿಗೆ" ಎಂದೇ ವರದಿಯಲ್ಲಿ ಇಳಿಯುತ್ತದೆ. ಚಿಕಿತ್ಸೆಯ ದಿನ ತಯಾರಾದ ಯೋಜನೆಯಲ್ಲಿ ಗೆಡ್ಡೆಯ ಸುತ್ತ ಬಣ್ಣಬಣ್ಣದ ಗೆರೆಗಳಿರುತ್ತವೆ: ಇಲ್ಲಿಯವರೆಗೆ 12 ಗ್ರೇ, ಇಲ್ಲಿಯವರೆಗೆ 6 ಎಂದು. ಮನೆಗೆ ಹೊರಡುವಾಗ ಡಿಸ್ಚಾರ್ಜ್ ಚೀಟಿಯ ಜೊತೆ ಆ ಹಾಳೆಯ ಪ್ರತಿಯನ್ನೂ ಯೋಜನೆಗೆ ಬಳಸಿದ ಎಂಆರ್‌ಐನ ಸಿಡಿಯನ್ನೂ ಕೇಳಿ ಪಡೆದವರು, ಮುಂದಿನ ಸ್ಕ್ಯಾನ್‌ಗೆ ಹೋದಾಗ ಟೇಬಲ್ಲಿನ ಮೇಲೆ ಮೊದಲು ಅದನ್ನೇ ಇಡಬೇಕು. ಹೊಸದಾಗಿ ಬೆಳ್ಳಗಾದ ಜಾಗ ಆ ಗೆರೆಗಳ ಒಳಗಿದೆಯೋ ಹೊರಗಿದೆಯೋ ಎಂದು ನೋಡಲು ಎರಡು ನಿಮಿಷ ಸಾಕು.